ಗಣಿಯೊಳಗಿನಿಂದ ಬಂದ ಚರಿತ್ರೆ

ಕೂಲಿಗಾರರ ಚರಿತ್ರೆಯನ್ನು ಬರೆಯತಕ್ಕವರು ಯಾರು? ಎಷ್ಟು ಟನ್ನು ಕಲ್ಲಿದ್ದಲು ಹೊರಬಂದಿತೆಂಬುದು ಕಂಪನಿಯ ಲೆಕ್ಕದ ಪುಸ್ತಕದಲ್ಲಿ ದೊರೆಯುತ್ತದೆ. ಎಷ್ಟು ಜನ ಸತ್ತರೆಂಬುದು ಸರಕಾರದ ಕಡತದಲ್ಲಿ ದೊರೆತೀತು. ಆದರೆ ತಗ್ಗಾದ ಸುರಂಗದಲ್ಲಿ ಮೈಯನ್ನು ಹೇಗೆ ಬಾಗಿಸಬೇಕು, ದೀಪ ಆರಿದರೆ ಹೇಗೆ ಹೊರಬರಬೇಕು ಎಂಬುದನ್ನು ಬಲ್ಲವರು ಅಲ್ಲಿ ದುಡಿದವರೇ. ಅಂಥವರೇ ತಮ್ಮ ಚರಿತ್ರೆಯ ಶೋಧಕ್ಕೆ ತೊಡಗಿದರೆ ಏನಾಗುತ್ತದೆ, ಹಾಗೆ ಬಂದುದನ್ನು ನಾವು ಹೇಗೆ ಓದಬೇಕು ಎಂಬ ಪ್ರಶ್ನೆಗೆ ಜಪಾನಿನ ಚಿಕುಹೋ ಪ್ರದೇಶವು ಒಳ್ಳೆಯ ನಿದರ್ಶನ.

ಕ್ಯೂಶೂ ದ್ವೀಪದ ಉತ್ತರ ಭಾಗದ ಚಿಕುಹೋ ಒಂದು ಕಾಲಕ್ಕೆ ಆ ದೇಶದ ಹಿರಿಯ ಕಲ್ಲಿದ್ದಲ ಸೀಮೆಯಾಗಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಕಲ್ಲಿದ್ದಲಿನ ಸ್ಥಾನಕ್ಕೆ ಎಣ್ಣೆ ಬಂದಿತು. ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದು, 1976ರಲ್ಲಿ ಕೊನೆಯದೂ ನಿಂತಿತು. ಊರು ಚದುರುತ್ತಿದ್ದ ಆ ಕಾಲದಲ್ಲಿಯೇ ಅದರ ನೆನಪನ್ನು ಕೂಡಿಡುವ ಕೆಲಸವೂ ನಡೆದುದು ಗಮನಾರ್ಹ. 1958ರಲ್ಲಿ ತಾನಿಗಾವಾ ಗಾನ್, ಉಯೆನೊ ಏಶಿನ್, ಮೊರಿಸಾಕಿ ಕಜುಯೆ ಮೊದಲಾದವರು ‘ಸಾಕುರು ಮುರಾ’, ಎಂದರೆ ‘ಬಳಗದ ಹಳ್ಳಿ’, ಎಂಬ ಪತ್ರಿಕೆಯನ್ನು ಹೊರಡಿಸಿದರು. ದುಡಿಯುವವರು ಅಲ್ಲಲ್ಲಿ ಕಟ್ಟಿಕೊಂಡಿದ್ದ ಬರವಣಿಗೆಯ ಬಳಗಗಳನ್ನು ಒಂದುಗೂಡಿಸುವುದು ಅದರ ಉದ್ದೇಶ. ಉಯೆನೊ ವಿಶ್ವವಿದ್ಯಾಲಯವನ್ನು ಬಿಟ್ಟು ಗಣಿಗಿಳಿದವರು. ಗಣಿಗಾರರ ಹಳೆಯ ಸಾಲುಮನೆಯಲ್ಲಿ ಸಂಸಾರ ಹೂಡಿ, ಅಲ್ಲಿಯೇ ‘ಚಿಕುಹೋ ಬುಂಕೊ’ ಎಂಬ ಪುಸ್ತಕ ಭಂಡಾರವನ್ನು ನೆರೆಹೊರೆಯವರಿಗಾಗಿ ತೆರೆದರು.

ಮೊರಿಸಾಕಿ ಅವರ ‘ಮಕ್ಕುರಾ’ 1961ರಲ್ಲಿ ಹೊರಬಂದಿತು. ಹೆಸರಿನ ಅರ್ಥ ಕಗ್ಗತ್ತಲೆ. ಗಂಡ ಮುಂದೆ ನಿಂತು ಕಲ್ಲಿದ್ದಲನ್ನು ಕಡಿಯುವುದು, ಹೆಂಡತಿ ಹಿಂದಿನಿಂದ ಅದನ್ನು ಪೆಟ್ಟಿಗೆಗೆ ತುಂಬಿ ಎಳೆದು ತರುವುದು ಅಲ್ಲಿಯ ಪದ್ಧತಿ. ಹೆಂಗಸರು ಗಣಿಗಿಳಿಯುವುದನ್ನು ಕಾನೂನು 1933ರಲ್ಲಿ ತಡೆದರೂ ಯುದ್ಧ ಬಂದಾಗ ಆ ತಡೆ ಸಡಿಲವಾಯಿತು. ಹಾಗೆ ದುಡಿದು ಮುದುಕಿಯರಾದವರ ಮಾತನ್ನು ಮೊರಿಸಾಕಿ ಕೇಳಿ ಬರೆದರು. ಈ ಹೆಂಗಸರು ಬರಿಯ ಕನಿಕರಕ್ಕೆ ಪಾತ್ರರಾಗಿ ನಿಲ್ಲುವುದಿಲ್ಲ. ಕಷ್ಟದ ಜತೆಗೆ ತಮ್ಮ ತೋಳಿನ ಬಲದ ಹೆಮ್ಮೆಯನ್ನೂ ಹೇಳುತ್ತಾರೆ. ಈ ಪ್ರಕಾರಕ್ಕೆ ಒಂದು ತೊಡಕುಂಟು. ಇಲ್ಲಿ ಸಾಮಾನ್ಯವಾಗಿ ಪ್ರಶ್ನೆ ಮರೆಯಾಗಿ ಉತ್ತರವಷ್ಟೇ ಉಳಿಯುತ್ತದೆ. ಯಾವುದು ಮುದುಕಿಯ ಮಾತು, ಯಾವುದು ಬರೆದವರ ಜೋಡಣೆ ಎಂಬುದನ್ನು ವಾಚಕನು ಬೇರ್ಪಡಿಸಲಾರ. ಕೇಳಿದವರು ಅದೇ ಕೇರಿಯಲ್ಲಿ ಬಾಳಿದವರೆಂಬುದು ನಂಬಿಕೆಯನ್ನು ಹೆಚ್ಚಿಸುತ್ತದೆಯೇ ಹೊರತು ಪ್ರಶ್ನೆಯನ್ನು ತೊಡೆದುಹಾಕುವುದಿಲ್ಲ.

ಮಧ್ಯವರ್ತಿಯ ಹಂಗೇ ಇಲ್ಲದ ಸಾಕ್ಷಿ ಯಾಮಾಮೊಟೊ ಸಾಕುಬೇ. 1892ರಲ್ಲಿ ಹುಟ್ಟಿದ ಈತ ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರೊಡನೆ ಗಣಿಗಿಳಿದರು. ಸುಮಾರು 50 ವರ್ಷ ದುಡಿದು, 60 ದಾಟಿದ ಮೇಲೆ ಕುಂಚ ಹಿಡಿದರು. ಮೊಮ್ಮಕ್ಕಳಿಗೆ ಗಣಿಯ ಬಾಳು ತಿಳಿಯಲೆಂಬುದು ಅವರ ಆಸೆ. 1984ರಲ್ಲಿ ತೀರಿಕೊಳ್ಳುವ ವೇಳೆಗೆ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬರೆದಿದ್ದರು. ಅವರ ಚಿತ್ರ, ದಿನಚರಿ, ಟಿಪ್ಪಣಿಗಳಲ್ಲಿ 697ನ್ನು ಯುನೆಸ್ಕೊ 2011ರಲ್ಲಿ ವಿಶ್ವಸ್ಮೃತಿಯ ದಾಖಲೆಗೆ ಸೇರಿಸಿತು. ಜಪಾನಿನಿಂದ ಆ ದಾಖಲೆಗೆ ಸೇರಿದುದರಲ್ಲಿ ಇದೇ ಮೊದಲನೆಯದು.

ಈ ಚಿತ್ರಗಳ ಸತ್ತ್ವ ಇರುವುದು ಅವುಗಳ ಕರಾರುವಾಕ್ಕುತನದಲ್ಲಿ. ಪಿಕಾಸಿ ಹಿಡಿದ ಕೈ, ಕುಳಿತು ಕಡಿಯುವ ಭಂಗಿ, ಹಗ್ಗ ಒತ್ತಿದ ಹೆಂಗಸಿನ ಹೆಗಲು ಒಂದೂ ಅಂದಾಜಿನವಲ್ಲ. ಚಿತ್ರದ ಜತೆಗೇ ಅದೇ ಹಾಳೆಯಲ್ಲಿ ಬರೆವಣಿಗೆಯೂ ತುಂಬಿಕೊಂಡಿರುತ್ತದೆ. ಅಯ್ಯೋ ಎಂಬ ಉದ್ಗಾರಕ್ಕೆ ಅಲ್ಲಿ ಎಡೆ ಕಡಮೆ. ಕೆಲಸ ಬಲ್ಲವನಿಗೆ ಕೆಲಸದ ವಿವರವೇ ಸಾಕು. ಒಂದೇ ಒಂದು ಕಡೆ ಅವರು ಕಣ್ಣಿಗೆ ಕಂಡುದನ್ನು ಮೀರಿದ್ದಾರೆ. ಕೈದೀಪದ ಮಿಣುಕಿನಲ್ಲಿ ಕಾಣಲಾರದ ಬಣ್ಣಗಳು ಹಾಳೆಯ ಮೇಲಿವೆ. ಇದನ್ನು ದೋಷವೆಂದು ಎಣಿಸಲಾಗದು. ಕತ್ತಲೆಯನ್ನು ಕತ್ತಲೆಯಾಗಿಯೇ ಬರೆದಿದ್ದರೆ ಮೊಮ್ಮಕ್ಕಳಿಗೆ ಕಾಣುತ್ತಿದ್ದುದೇನು?

ಹಾಗೆಂದು ದುಡಿದವನು ಹೇಳಿದ್ದರಲ್ಲೇ ಎಲ್ಲವೂ ಇದೆಯೆಂದು ತಲೆದೂಗುವುದು ವಿಮರ್ಶೆಯಲ್ಲ. ಅದು ಗೌರವವೂ ಅಲ್ಲ. ಸಾಕುಬೇ ಮುಖ್ಯವಾಗಿ ಚಿತ್ರಿಸಿದುದು ತಮ್ಮ ಬಾಲ್ಯ ಯೌವನಗಳ ಗಣಿಯನ್ನು. ಯುದ್ಧಕಾಲದಲ್ಲಿ ಬಲವಂತದಿಂದ ತಂದು ಇಳಿಸಿದ ಕೊರಿಯಾದ ಕೂಲಿಗಳ ಪಾಡನ್ನು ತಿಳಿಯಲು ಅವು ಸಾಲವು. ಆ ಕೊರತೆಯನ್ನು ತುಂಬಲು ದುಡಿದವರಲ್ಲಿ ಅದೇ ಸೀಮೆಯ ಹಯಾಶಿ ಏದಾಯ್ ಒಬ್ಬರು. ಗಣಿಯಿಂದ ತಪ್ಪಿಸಿಕೊಂಡು ಬಂದ ಕೊರಿಯನರಿಗೆ ಆಸರೆಯಿತ್ತುದಕ್ಕಾಗಿ ಅವರ ತಂದೆ, ಒಬ್ಬ ಶಿಂಟೋ ಅರ್ಚಕರು, ಪೋಲೀಸರ ಹಿಂಸೆಗೆ ಗುರಿಯಾಗಿ ತೀರಿಕೊಂಡಿದ್ದರು. ಮಗ 2017ರಲ್ಲಿ ತೀರಿಕೊಳ್ಳುವವರೆಗೂ ಅಂಥವರ ಹೇಳಿಕೆಗಳನ್ನು ಸಂಗ್ರಹಿಸಿ ಗ್ರಂಥಗಳನ್ನು ಬರೆದರು. ಒಬ್ಬನ ನೆನಪು ಬಿಟ್ಟುದನ್ನು ನೆರೆಯವನ ಶೋಧವು ಎತ್ತಿ ತೋರಿಸಿತು.

ಜನರೇ ನಡೆಸುವ ಚರಿತ್ರೆಯ ಬೆಲೆ ಇರುವುದು ಇಲ್ಲಿ. ವಿದ್ವಾಂಸನಿಗೆ ದಕ್ಕದ ವಿವರ ಅದಕ್ಕೆ ದಕ್ಕುತ್ತದೆ; ವಿದ್ವಾಂಸನಂತೆಯೇ ಅದೂ ಕೆಲವರನ್ನು ಮರೆಯುತ್ತದೆ. ಆದುದರಿಂದ ಇಂಥ ಕೃತಿಗಳನ್ನು ಕನಿಕರದ ರಿಯಾಯಿತಿಯಿಲ್ಲದೆ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಬೇಕು. ಗಣಿಯಲ್ಲಿ ಒಬ್ಬನ ದೀಪಕ್ಕೆ ಕಾಣುತ್ತಿದ್ದುದು ನಾಲ್ಕು ಮಾರು ಜಾಗ ಮಾತ್ರ. ಸುರಂಗದ ಉದ್ದವನ್ನು ತಿಳಿಯಬೇಕಾದರೆ ಹಲವು ದೀಪಗಳು ಬೇಕು.