ಪರಮತವಿಮರ್ಶೆಯಲ್ಲಿ ಪ್ರಕರಣದ ಸ್ಥಾನ: ಮಲೆನಾಡಿನ ಕೆಲವು ಆಧಾರಗಳ ಪರಿಶೀಲನೆ

ಪರಮತದ ಗುಣದೋಷಗಳನ್ನು ನಿರ್ಣಯಿಸುವಾಗ ಅದರ ಧರ್ಮಗ್ರಂಥದಿಂದ ಒಂದೆರಡು ವಾಕ್ಯಗಳನ್ನು ಎತ್ತಿಕೊಂಡು, ಅವೇ ಆ ಮತದ ಸಾರಸರ್ವಸ್ವವೆಂದು ಸಾಧಿಸುವ ಪದ್ಧತಿ ಬಹು ಹಳೆಯದು. ವೇದಿಕೆಯ ಭಾಷಣಗಳಲ್ಲಿಯೂ ಕರಪತ್ರಗಳಲ್ಲಿಯೂ ಇದು ಕಂಡುಬಂದರೆ ಆಶ್ಚರ್ಯವಿಲ್ಲ. ಆದರೆ ಇತಿಹಾಸದ ಪ್ರಬಂಧಗಳಲ್ಲಿಯೂ ಈ ಪದ್ಧತಿ ಪ್ರಮಾಣದ ವೇಷದಲ್ಲಿ ಪ್ರವೇಶಿಸುತ್ತಿರುವುದು ವಿಚಾರಾರ್ಹವಾದ ಸಂಗತಿ. ವಾಕ್ಯವು ಗ್ರಂಥದಲ್ಲಿ ಇರುವುದು ನಿಜವೇ ಆದರೂ, ಅದರಿಂದ ತೆಗೆದ ನಿರ್ಣಯವು ನ್ಯಾಯವಾದುದೇ ಎಂಬುದು ಬೇರೆಯ ಪ್ರಶ್ನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೆಲವು ಆಧಾರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಕೆಳದಿಯ ಅರಸರ ರಾಜಧಾನಿಗಳಾಗಿದ್ದ ಕೆಳದಿ ಮತ್ತು ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಅನಂತರದ ರಾಜಧಾನಿಯಾದ ಬಿದನೂರು, ಎಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿಯೂ, ಅವರ ಬಲವಾದ ಕೋಟೆಯಾದ ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. ಅರಸರು ವೀರಶೈವರು. ಆದರೂ ಅವರು ಧರಿಸಿದ ಬಿರುದುಗಳಲ್ಲಿ ವಿಶುದ್ಧ ವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕರೆಂಬುದೂ ಒಂದು. ಹುಂಚದ ಜೈನಪೀಠ, ಕವಲೇದುರ್ಗದ ವೀರಶೈವ ಮಠ, ರಾಮಚಂದ್ರಾಪುರದ ಅದ್ವೈತ ಮಠ, ತುಂಗೆಯ ದಡದ ಭೀಮನಕಟ್ಟೆಯ ಮಾಧ್ವ ಮಠ, ಭೂತರಾಯ ಚೌಡೇಶ್ವರಿಯರ ಸನ್ನಿಧಿಯೂ ಹಜರತ್ ಸಯ್ಯದ್ ಸಾದತ್ ದರ್ಗಾವೂ ಒಂದೆಡೆಯೇ ಇರುವ ಹಣಗೆರೆಕಟ್ಟೆ, ಇವೆಲ್ಲವೂ ಕೆಲವೇ ಹರದಾರಿಗಳ ಅಂತರದಲ್ಲಿವೆ. ಇಷ್ಟು ಮತಗಳು ನೆರೆಹೊರೆಯಾಗಿ ಬಾಳಿದ ಕಡೆಯಲ್ಲಿ ವಾದವೂ ಇದ್ದಿತು, ವ್ಯಾಜ್ಯವೂ ಇದ್ದಿತು. ಆದುದರಿಂದ ಪರಮತದ ಬಗೆಗೆ ಆಡಿದ ಮಾತಿಗೂ ಪರಮತದೊಡನೆ ನಡೆದುಕೊಂಡ ರೀತಿಗೂ ಇರುವ ಸಂಬಂಧವನ್ನು ಅರಿಯಲು ಇದಕ್ಕಿಂತ ತಕ್ಕ ಕ್ಷೇತ್ರ ವಿರಳ.

ಮೊದಲು ಹುಂಚದ ಶಾಸನವೊಂದನ್ನು ತೆಗೆದುಕೊಳ್ಳೋಣ. ಸುಮಾರು 1530ರದೆಂದು ಹೇಳಲಾಗುವ ಈ ಶಾಸನವು ವಾದಿ ವಿದ್ಯಾನಂದನೆಂಬ ಜೈನ ವಿದ್ವಾಂಸನು ಹಲವು ರಾಜಸಭೆಗಳಲ್ಲಿ ಪ್ರತಿವಾದಿಗಳನ್ನು ಜಯಿಸಿದುದನ್ನು ಒಂದೊಂದಾಗಿ ಎಣಿಸುತ್ತದೆ. ಇದರ ಒಂದು ಸಾಲನ್ನು ಮಾತ್ರ ಕತ್ತರಿಸಿ ಓದುವವನಿಗೆ, ಜೈನರು ಅನ್ಯಮತಗಳನ್ನು ನಿರ್ಮೂಲಗೊಳಿಸಲು ಹೊರಟಿದ್ದರೆಂದು ತೋರಬಹುದು. ಆದರೆ ಇದು ಪ್ರಶಸ್ತಿ. ಪ್ರಶಸ್ತಿಯ ಧರ್ಮವೇ ನಾಯಕನ ಗೆಲವನ್ನು ಹಿಗ್ಗಿಸಿ ಹೇಳುವುದು. ವೈಷ್ಣವ, ಶೈವ, ಜೈನ ಎಂಬ ಭೇದವಿಲ್ಲದೆ ಎಲ್ಲರ ಪ್ರಶಸ್ತಿಗಳೂ ತಮ್ಮ ವಾದಿಯನ್ನು ಆನೆಗಳ ನಡುವಣ ಸಿಂಹವೆಂದೇ ಬಣ್ಣಿಸುತ್ತವೆ. ಅಲ್ಲಿ ಸೋತುದು ವಾದವೇ ಹೊರತು ಜನರಲ್ಲ.

ಇದೇ ಮಾತು ಇಕ್ಕೇರಿಯ ಆಸ್ಥಾನಕ್ಕೂ ಸಲ್ಲುತ್ತದೆ. ಪ್ರಸಿದ್ಧ ವೈಯಾಕರಣನಾದ ಭಟ್ಟೋಜಿ ದೀಕ್ಷಿತನು ಕೆಳದಿಯ ವೆಂಕಟಪ್ಪನಾಯಕನ ಪ್ರೇರಣೆಯಿಂದ ‘ತತ್ತ್ವಕೌಸ್ತುಭ’ವೆಂಬ ಗ್ರಂಥವನ್ನು ರಚಿಸಿ, ಅದರಲ್ಲಿ ಮಾಧ್ವಸಿದ್ಧಾಂತವನ್ನು ಕಟುವಾಗಿ ಖಂಡಿಸಿದನು. ಈ ಖಂಡನವಾಕ್ಯಗಳನ್ನಷ್ಟೇ ಆಧರಿಸಿ, ಆ ರಾಜ್ಯದಲ್ಲಿ ಮಾಧ್ವರಿಗೆ ನೆಲೆಯಿರಲಿಲ್ಲವೆಂದು ಬರೆಯುವುದು ಸುಲಭ. ಭೀಮನಕಟ್ಟೆಯ ಮಠವು ಇಂದಿಗೂ ಅದೇ ಸೀಮೆಯಲ್ಲಿರುವುದು ಆ ಬರವಣಿಗೆಗೆ ಸಾಕಾದ ಉತ್ತರ. ಶಾಸ್ತ್ರಾರ್ಥದ ಕಾಠಿನ್ಯವನ್ನು ಲೋಕವ್ಯವಹಾರದ ವೈರವೆಂದು ತಿಳಿಯುವುದು ಪ್ರಕರಣದ ಅಜ್ಞಾನದಿಂದ ಹುಟ್ಟುವ ಭ್ರಮೆ.

ಕತ್ತರಿಸಿದ ವಾಕ್ಯವು ಎಷ್ಟರಮಟ್ಟಿಗೆ ದಾರಿ ತಪ್ಪಿಸಬಲ್ಲುದೆಂಬುದಕ್ಕೆ ನಮಗೆ ತಿಳಿದ ಅತ್ಯುತ್ತಮ ನಿದರ್ಶನವು ಈ ಸೀಮೆಯ ಹೊರಗೆ, ಹಳೇಬೀಡಿನಲ್ಲಿದೆ. ಅದರ ಕಾಲವು 1638. ಎಂದರೆ ಕೆಳದಿಯಲ್ಲಿ ವೀರಭದ್ರನಾಯಕನು ಆಳುತ್ತಿದ್ದ ಕಾಲ. ವೀರಶೈವನೊಬ್ಬನು ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ಜೈನನೊಬ್ಬನು ಅದನ್ನು ಅಳಿಸಿದನು. ವ್ಯಾಜ್ಯವು ಬೆಳೆಯಲು ಉಭಯ ಮತಗಳ ಮುಖಂಡರು ಕೂಡಿ ತೀರ್ಮಾನ ಮಾಡಿ ಶಾಸನ ಹಾಕಿಸಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಒಪ್ಪಿಸಿ, ಅನಂತರ ತಮ್ಮ ಪೂಜಾದಿಗಳನ್ನು ಎಂದಿನಂತೆ ನಡೆಸಿಕೊಳ್ಳತಕ್ಕದ್ದೆಂಬುದು ಅದರ ಒಂದು ಭಾಗ. ಈ ಜಿನಧರ್ಮಕ್ಕೆ ವಿರೋಧ ಮಾಡಿದ ವೀರಶೈವನು ಶಿವನಿಗೂ ಜಂಗಮಕ್ಕೂ ದ್ರೋಹಿಯೆಂಬುದು ಇನ್ನೊಂದು ಭಾಗ. ಮೊದಲ ಭಾಗವನ್ನು ಮಾತ್ರ ಎತ್ತಿ ಹೇಳಿದರೆ ವೀರಶೈವರು ದಬ್ಬಾಳಿಕೆಗಾರರಾಗುತ್ತಾರೆ. ಎರಡನೆಯದನ್ನು ಮಾತ್ರ ಎತ್ತಿದರೆ ಅವರು ಸರ್ವಮತ ಸಮಭಾವದ ಮೂರ್ತಿಗಳಾಗುತ್ತಾರೆ. ಎರಡೂ ಕಲ್ಲಿನಲ್ಲಿ ಇರುವ ಮಾತುಗಳೇ; ಎರಡೂ ಬಿಡಿಯಾಗಿ ಸುಳ್ಳು. ಇಡಿಯಾಗಿ ಓದಿದಾಗ ಕಾಣುವುದು ಬಲಾಬಲಗಳನ್ನು ಅರಿತ ಎರಡು ಸಮಾಜಗಳು ಮಾಡಿಕೊಂಡ ಒಪ್ಪಂದ. ಅದರಲ್ಲಿ ಪ್ರಬಲರ ಮೇಲುಗೈಯೂ ಉಂಟು, ಆ ಪ್ರಬಲರು ತಮ್ಮ ದೇವರ ಆಣೆಯಿಂದಲೇ ತಮ್ಮನ್ನು ಕಟ್ಟಿಹಾಕಿಕೊಂಡುದೂ ಉಂಟು.

ಶಾಸನಕ್ಕೆ ಸಲ್ಲುವ ಈ ನ್ಯಾಯವು ಧರ್ಮಗ್ರಂಥಕ್ಕೆ ಸಲ್ಲದೆ? ಕುರುಆನಿನ ಒಂಬತ್ತನೆಯ ಅಧ್ಯಾಯದ ಐದನೆಯ ವಾಕ್ಯವನ್ನು ಉದ್ಧರಿಸಿ, ಇಸ್ಲಾಮು ಅನ್ಯಮತೀಯರನ್ನೆಲ್ಲ ಕೊಲ್ಲಹೇಳುತ್ತದೆಂದು ವಾದಿಸುವವರುಂಟು. ಅದರ ಹಿಂದಿನ ವಾಕ್ಯವು ಕರಾರನ್ನು ಮುರಿಯದವರನ್ನು ಹೊರತುಪಡಿಸುತ್ತದೆ. ಮುಂದಿನ ವಾಕ್ಯವು ಆಶ್ರಯ ಬೇಡಿದವನಿಗೆ ಆಶ್ರಯವಿತ್ತು ಕ್ಷೇಮದ ಸ್ಥಳಕ್ಕೆ ತಲುಪಿಸಬೇಕೆಂದು ವಿಧಿಸುತ್ತದೆ. ನಡುವಣದನ್ನು ಓದಿ ಎರಡು ಬದಿಯನ್ನು ಓದದಿರುವುದು ಪಾಂಡಿತ್ಯವಲ್ಲ. ಹಾಗೆಯೇ ತಾನು ತಂದುದು ಶಾಂತಿಯನ್ನಲ್ಲ, ಖಡ್ಗವನ್ನು ಎಂಬ ಅರ್ಥದ ಯೇಸುವಿನ ಮಾತು ಮತ್ತಾಯನ ಸುವಾರ್ತೆಯಲ್ಲಿ ಬರುವುದು ಶಿಷ್ಯರನ್ನು ಉಪದೇಶಕ್ಕೆ ಕಳುಹಿಸುವ ಸಂದರ್ಭದಲ್ಲಿ. ಅಲ್ಲಿಯ ವಿಷಯವು ಮನೆಮನೆಗಳಲ್ಲಿ ಹುಟ್ಟುವ ಒಡಕು, ಯುದ್ಧವಲ್ಲ. ಇನ್ನು ಗೀತೆಯಲ್ಲಿ ಅರ್ಜುನನಿಗೆ ಯುದ್ಧ ಮಾಡೆಂದ ಮಾತನ್ನು ಪರದೇಶೀಯನೊಬ್ಬನು ಹಿಂಸೆಯ ಬೋಧೆಯೆಂದರೆ ನಾವು ಒಪ್ಪುವುದಿಲ್ಲ. ರಣರಂಗ, ಕ್ಷತ್ರಿಯಧರ್ಮ, ನಿಷ್ಕಾಮಕರ್ಮಗಳ ಪ್ರಕರಣವನ್ನು ನೋಡೆನ್ನುತ್ತೇವೆ. ನಮ್ಮ ಗ್ರಂಥಕ್ಕೆ ಬೇಡುವ ಅವಕಾಶವನ್ನು ಪರರ ಗ್ರಂಥಕ್ಕೆ ಕೊಡದಿರುವುದು ಎರಡು ಬಗೆಯ ಬಳ್ಳವನ್ನಿಟ್ಟು ಅಳೆದಂತೆ.

ಈ ನ್ಯಾಯವು ಹೊರಗಿನಿಂದ ಬಂದುದಲ್ಲವೆಂಬುದನ್ನೂ ನೆನೆಯಬೇಕು. ಗ್ರಂಥದ ತಾತ್ಪರ್ಯವನ್ನು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿಂದ ನಿರ್ಣಯಿಸಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದರ ನಿಂದೆಯು ಬಹುಮಟ್ಟಿಗೆ ಮತ್ತೊಂದರ ಸ್ತುತಿಗಾಗಿಯೇ ಎಂಬ ‘ನಹಿನಿಂದಾನ್ಯಾಯ’ವೂ ಅವರದೇ. ಒಂದು ದೃಷ್ಟಿಯನ್ನು ಹಿಡಿದು ಉಳಿದವನ್ನು ಅಲ್ಲಗಳೆಯುವುದನ್ನು ಜೈನ ತಾರ್ಕಿಕರು ದುರ್ನಯವೆಂದು ಕರೆದರು. ಯಾವ ವಾಕ್ಯವು ಯಾವ ಸಂದರ್ಭದಲ್ಲಿ ಅವತರಿಸಿತೆಂಬುದನ್ನು ಅರಿಯುವುದಕ್ಕೆ ಮುಸಲ್ಮಾನ ವಿದ್ವಾಂಸರು ಪ್ರತ್ಯೇಕ ಶಾಸ್ತ್ರವನ್ನೇ ಬೆಳೆಸಿದರು. ತನ್ನ ಗ್ರಂಥವನ್ನು ಬಿಡಿವಾಕ್ಯವಾಗಿ ಓದೆಂದು ಈ ಯಾವ ಪರಂಪರೆಯೂ ಹೇಳಿದಂತಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಪ್ರಕರಣವೆಂದ ಮಾತ್ರಕ್ಕೆ ಎಲ್ಲ ದೋಷವೂ ತೊಳೆದುಹೋಗುವುದೆ? ಖಂಡಿತ ಇಲ್ಲ. ಪ್ರಕರಣವು ಸಾಕ್ಷಿಯೇ ಹೊರತು ವಕೀಲನಲ್ಲ. ಕೆಲವು ವೇಳೆ ಅದು ಆರೋಪವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ. ವೇದವನ್ನು ಕೇಳಿದ ಶೂದ್ರನಿಗೆ ಗೌತಮ ಧರ್ಮಸೂತ್ರವು ವಿಧಿಸುವ ಕ್ರೂರದಂಡನೆಯನ್ನು ಬಿಡಿವಾಕ್ಯವೆಂದು ಬದಿಗೊತ್ತುವಂತಿಲ್ಲ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಶಂಕರರೂ ರಾಮಾನುಜರೂ ಅದನ್ನು ಪ್ರಮಾಣವಾಗಿಯೇ ಸ್ವೀಕರಿಸಿದ್ದಾರೆ. ಕುರುಆನಿನ ಮೇಲ್ಕಂಡ ವಾಕ್ಯವು ಹಿಂದಿನ ಸೌಮ್ಯವಾಕ್ಯಗಳನ್ನು ರದ್ದುಗೊಳಿಸಿತೆಂದ ವ್ಯಾಖ್ಯಾನಕಾರರೂ ಇದ್ದರೆಂಬುದನ್ನು ಮರೆಮಾಚಬಾರದು. ಸುಮಾರು 1200ರ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನು ಜಿನಮೂರ್ತಿಯನ್ನು ಭಂಗಿಸಿದುದನ್ನು ಭಕ್ತಿಯ ಸಾಹಸವೆಂದು ಕೊಂಡಾಡುತ್ತದೆ. ಅದನ್ನು ಪ್ರಶಸ್ತಿಯ ಅತಿಶಯೋಕ್ತಿ ಎಂದಷ್ಟೇ ಹೇಳಿ ಮುಗಿಸುವುದೂ ನ್ಯಾಯವಲ್ಲ. ಪಕ್ಷಪಾತದಿಂದ ದೂಷಿಸುವುದು ಹೇಗೆ ತಪ್ಪೋ ಸೌಜನ್ಯದಿಂದ ಮುಚ್ಚಿಡುವುದೂ ಹಾಗೆಯೇ ತಪ್ಪು.

ಆದಕಾರಣ ಪರಮತವನ್ನು ಕುರಿತು ಬರೆಯುವವನು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಲು ಸಿದ್ಧನಿರಬೇಕೆಂದು ನಮ್ಮ ಅಭಿಪ್ರಾಯ. ಈ ವಾಕ್ಯವನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಜಾತಿಯ ಗ್ರಂಥದಲ್ಲಿ ಹೇಳಿದರು? ಆ ಮತದ ವ್ಯಾಖ್ಯಾನಕಾರರು ಇದನ್ನು ಹೇಗೆ ಅರ್ಥಮಾಡಿಕೊಂಡರು? ಗೊತ್ತಾದ ಒಂದು ಸ್ಥಳದಲ್ಲಿ, ಗೊತ್ತಾದ ಕಾಲದಲ್ಲಿ ಅದರ ಅನುಯಾಯಿಗಳು ಹೇಗೆ ನಡೆದುಕೊಂಡರು? ಮೂರನೆಯ ಪ್ರಶ್ನೆಯೇ ಇತಿಹಾಸಕಾರನ ಸ್ವಂತ ಹೊಲ. ಅದನ್ನು ಉಳದೆ ಬಿಟ್ಟು ಮೊದಲೆರಡನ್ನು ಕುರಿತು ಮಾತ್ರ ವಾದಿಸಿದರೆ ಅವನು ತನ್ನ ಕೆಲಸವನ್ನು ಮಾಡಿದಂತಾಗುವುದಿಲ್ಲ. ಈ ಮೂರು ತಾಲ್ಲೂಕುಗಳ ಮಠ, ಬಸದಿ, ದರ್ಗಾಗಳಲ್ಲಿರುವ ಶಾಸನಗಳನ್ನೂ ದಾನಪತ್ರಗಳನ್ನೂ ಕಡತಗಳನ್ನೂ ಒಟ್ಟಿಗೆ ಇಟ್ಟು, ಒಂದೇ ಬಳ್ಳದಿಂದ ಅಳೆದು ಓದುವ ಕಾರ್ಯವು ಇನ್ನೂ ಬಹಳಷ್ಟು ಉಳಿದಿದೆ. ನಮ್ಮ ವಿದ್ಯಾರ್ಥಿಗಳು ಅದಕ್ಕೆ ಕೈಹಚ್ಚಿದರೆ, ಪರರ ಮತವನ್ನು ಮಾತ್ರವಲ್ಲದೆ ತಮ್ಮ ಮತವನ್ನೂ ಇನ್ನಷ್ಟು ನಿಜವಾಗಿ ಅರಿತಾರು.