ಕಬ್ಬಿಣದ ಭಿಕ್ಷೆಯ ಕಥೆ: ನೀಲಗಾರರ ಗಾಯನ ಪರಂಪರೆ

ಅಮೆರಿಕದ ಒಳನಾಡಿನ ಕಾರ್ಖಾನೆ ಕೆಲಸಗಾರರ ಮತ್ತು ಸಾಲಗಾರ ರೈತರ ಬದುಕನ್ನು ಗಿಟಾರ್ ಹಿಡಿದು ನೇರವಾದ ಮಾತಿನಲ್ಲಿ ಹಾಡುವ ಪದ್ಧತಿಗೆ ಹಾರ್ಟ್‌ಲ್ಯಾಂಡ್ ರಾಕ್ ಎಂದು ಹೆಸರು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಬಾಬ್ ಸೀಗರ್, ಜಾನ್ ಮೆಲೆನ್‌ಕ್ಯಾಂಪ್ ಈ ಪದ್ಧತಿಯ ಮುಖ್ಯ ಗಾಯಕರಾಗಿದ್ದು, 1985ರಲ್ಲಿ ಇಲಿನಾಯ್‌ನಲ್ಲಿ ರೈತರ ನೆರವಿಗಾಗಿ ನಡೆದ ಫಾರ್ಮ್ ಏಡ್ ಕಛೇರಿಯನ್ನು ಸಂಘಟಿಸಿದವರಲ್ಲಿ ಮೆಲೆನ್‌ಕ್ಯಾಂಪ್ ಒಬ್ಬರು. ನಮ್ಮಲ್ಲಿ, ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸೀಮೆಯಲ್ಲಿ ಇಂಥ ಗಾಯಕನನ್ನು ಹುಡುಕುವವರು ಗಿಟಾರಿನ ಬಳಿಗಲ್ಲ, ತಂಬೂರಿಯ ಬಳಿಗೆ, ಅಂದರೆ ಸಂತ ಮಂಟೇಸ್ವಾಮಿಯ ಪರಂಪರೆಯ ನೀಲಗಾರರ ಬಳಿಗೆ ಹೋಗಬೇಕಾಗುತ್ತದೆ.

ನೀಲಗಾರನೆಂದರೆ ಗುರುವಿನಿಂದ ದೀಕ್ಷೆ ಪಡೆದು, ಭಿಕ್ಷೆ ಬೇಡುತ್ತ, ಮಂಟೇಸ್ವಾಮಿ ಮತ್ತು ಅವನ ಶಿಷ್ಯರ ಕಾವ್ಯವನ್ನು ಹಾಡುವವನು. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು, ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಇವರ ಮುಖ್ಯ ಕ್ಷೇತ್ರಗಳಾದರೆ, ಕೃಷ್ಣರಾಜನಗರ ತಾಲ್ಲೂಕಿನಲ್ಲಿ ಕಾವೇರಿ ದಡದ ಕಪ್ಪಡಿಯಲ್ಲಿ ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ಗದ್ದುಗೆಯಿದೆ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ಕೂಡುವ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಕಾವ್ಯದ ಒಂದೊಂದು ಕಥಾಭಾಗವನ್ನು ‘ಸಾಲು’ ಎನ್ನುತ್ತಾರೆ. ಮುಂದಾಳು ಒಂದು ನುಡಿಯನ್ನು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನು ಹಿಡಿದು ಮುಗಿಸುತ್ತಾರೆ, ನಡುವೆ ಹಾಡು ನಿಂತು ಮಾತಿನಲ್ಲಿ ಕಥೆ ಸಾಗುತ್ತದೆ, ದಮ್ಮಡಿ ವಾದ್ಯದ ಪೆಟ್ಟು ಬಿದ್ದೊಡನೆ ಮಾತು ಮತ್ತೆ ಹಾಡಾಗುತ್ತದೆ. ಹೀಗೆ ಒಂದೇ ಸಾಲು ಇಡೀ ರಾತ್ರಿಯನ್ನು ತುಂಬಬಲ್ಲದು.

ಈ ಕಾವ್ಯದ ನಿಜವಾದ ಕಸುವು ಇರುವುದು ಅದರ ಕಬ್ಬಿಣದಲ್ಲಿ. ಕಮ್ಮಾರರ ಮಗ ಕೆಂಪಾಚಾರಿ ಮಂಟೇಸ್ವಾಮಿಯ ಕಠಿಣ ಪರೀಕ್ಷೆಗಳನ್ನು ದಾಟಿ ಸಿದ್ಧಪ್ಪಾಜಿಯಾಗುತ್ತಾನೆ. ಹಾಗಾದವನನ್ನು ಗುರು ಕಳಿಸುವುದು ತಪಸ್ಸಿಗಲ್ಲ, ಹಲಗೂರಿನ ಪಾಂಚಾಳರ, ಅಂದರೆ ಅವನದೇ ಕಸುಬಿನವರ, ಕುಲುಮೆಗಳ ಮುಂದೆ ನಿಂತು ಕಬ್ಬಿಣದ ಭಿಕ್ಷೆ ಕೇಳುವುದಕ್ಕೆ. ಅವರು ಇಲ್ಲವೆನ್ನುತ್ತಾರೆ, ಅವಮಾನಿಸುತ್ತಾರೆ, ವಿಷವನ್ನೂ ಇಕ್ಕುತ್ತಾರೆ. ದುಡಿಮೆಯನ್ನು ಕೊಂಡಾಡುವ ಹಾಡು ಎಲ್ಲ ನಾಡಿನಲ್ಲೂ ಉಂಟು, ಆದರೆ ದುಡಿಯುವವರೊಳಗೇ ಇರುವ ಜಿಪುಣತನವನ್ನೂ ಕ್ರೌರ್ಯವನ್ನೂ ಇಷ್ಟು ನಿರ್ದಾಕ್ಷಿಣ್ಯವಾಗಿ ಕಂಡ ಕಾವ್ಯ ಅಪರೂಪ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಹೊಲಸು ಮೆತ್ತಿದ ಮೈಯಲ್ಲಿ ಬಸವಣ್ಣನ ಬಾಗಿಲಿಗೆ ಬರುವುದೂ ಇದೇ ನಿಷ್ಠುರತೆಯಿಂದ ಹುಟ್ಟಿದ ಕಲ್ಪನೆ.

ಇನ್ನು ಈ ಸೀಮೆಯ ಗಿಟಾರಿನ ಕಡೆಗೆ ಬಂದರೆ, ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಿಂದ ಕನ್ನಡದ ಜಾನಪದ ರಾಕ್‌ಗೆ ದೂರದ ನಾಡುಗಳಲ್ಲೂ ಕೇಳುಗರನ್ನು ದೊರಕಿಸಿದರು. ಆದರೆ ಆ ಶೈಲಿ ತನ್ನ ಸಾಹಿತ್ಯಕ್ಕಾಗಿ ನೆಚ್ಚಿದ್ದು ನೆರೆಯ ನೀಲಗಾರನನ್ನಲ್ಲ, ಉತ್ತರದ ಶಿಶುನಾಳ ಶರೀಫರನ್ನು. ಇದಕ್ಕೆ ರೂಪದ ಕಾರಣವಿದೆ: ಶರೀಫರ ತತ್ವಪದ ತನ್ನಷ್ಟಕ್ಕೆ ಪೂರ್ಣವಾದುದು, ನಾಲ್ಕು ನಿಮಿಷಕ್ಕೆ ಒಗ್ಗುವಂಥದ್ದು, ಸಾಲು ಹಾಗಲ್ಲ, ಹಿಂದಿನ ರಾತ್ರಿಯ ಕಥೆಯಿಲ್ಲದೆ ಅದು ಕಾಲೂರಲಾರದು. ಈ ದೃಷ್ಟಿಯಿಂದ ಜಾನಪದ ಗಾಯಕ ಮಳವಳ್ಳಿ ಮಹಾದೇವಸ್ವಾಮಿಯವರ ಕ್ಯಾಸೆಟ್ಟುಗಳು ಹೆಚ್ಚಿನ ಗೌರವಕ್ಕೆ ಅರ್ಹವಾಗಿವೆ, ಏಕೆಂದರೆ ಅವು ಕಥೆಯನ್ನು ಕಥೆಯಾಗಿಯೇ ಉಳಿಸಿಕೊಂಡು ಮನೆಮನೆಗೆ ಮುಟ್ಟಿಸಿದವು.

ಪರಂಪರೆಯ ಕೊರತೆಯನ್ನೂ ಹೇಳಲೇಬೇಕು. ಸ್ಪ್ರಿಂಗ್‌ಸ್ಟೀನ್ ತನ್ನ ಕಾಲದಲ್ಲಿ ಮುಚ್ಚಿದ ಕಾರ್ಖಾನೆಯ ಮೇಲೆ ತಾನೇ ಹಾಡು ಕಟ್ಟಿದ. ನೀಲಗಾರನಿಗೆ ವಿಸ್ತರಿಸುವ ಸ್ವಾತಂತ್ರ್ಯವುಂಟು, ಆದರೆ ಕಾವ್ಯದ ಚೌಕಟ್ಟು ಗುರುವಿನದು. ಆದ್ದರಿಂದ ಕಬಿನಿ ಜಲಾಶಯಕ್ಕಾಗಿ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಮುಳುಗಿದ ಊರುಗಳು, ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಜೇನುಕುರುಬರು, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಸೌದೆ ಉರಿಸಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳ ಮುಂದೆ ನಿದ್ದೆಗೆಡುವ ರೈತರು, ಇವರಾರೂ ಮುದ್ರಿತವಾಗಿರುವ ಸಾಲುಗಳೊಳಗೆ ಬರುವುದಿಲ್ಲ. ಕಪ್ಪಡಿಯ ಜಾತ್ರೆಗೆ ಬಂದ ಹೊಗೆಸೊಪ್ಪಿನ ರೈತ ಹಲಗೂರಿನ ಕುಲುಮೆಯ ಸಾಲನ್ನು ಕೇಳುವಾಗ ತನ್ನ ಬ್ಯಾರನ್ನಿನ ಬೆಂಕಿಯನ್ನು ನೆನೆದರೆ, ಆ ನೆನಪು ಸದ್ಯಕ್ಕೆ ಅವನ ಎದೆಯಲ್ಲಿಯೇ ಉಳಿಯುತ್ತದೆ.