ಕೆ.ಜಿ.ಎಫ್. ಚಿತ್ರದ್ವಯದಲ್ಲಿ ನಾಯಕನ ಅಧಃಪತನ

ಸತ್ತ್ವಶಾಲಿಯೊಬ್ಬನ ಅಧಃಪತನವು ಕನ್ನಡ ಕಾವ್ಯಕ್ಕೆ ಹೊಸ ವಸ್ತುವಲ್ಲ. ಪರಾಂಗನಾವಿರತಿಯ ವ್ರತವನ್ನು ತಳೆದಿದ್ದ ರಾವಣನು ಸೀತೆಯನ್ನು ಕಂಡು ಚಲಿತನಾದುದನ್ನು ನಾಗಚಂದ್ರನು 'ರಾಮಚಂದ್ರಚರಿತಪುರಾಣ'ದಲ್ಲಿ ಚಿತ್ರಿಸಿರುವನು. ಆ ರಾವಣನಲ್ಲಿ ರುದ್ರನಾಟಕದ ನಾಯಕನನ್ನು ಬಿ.ಎಂ. ಶ್ರೀಕಂಠಯ್ಯನವರು ಗುರುತಿಸಿ ತೋರಿಸಿದರು. ರಾವಣನು ಕಡೆಗೆ ತನ್ನ ತಪ್ಪನ್ನು ಅರಿಯುವನು. ಅರಿತೂ, ಯುದ್ಧದಲ್ಲಿ ಗೆದ್ದಮೇಲೆಯೇ ಸೀತೆಯನ್ನು ಒಪ್ಪಿಸುವೆನೆಂದು ಛಲ ಹಿಡಿಯುವನು. ವಿವೇಕವು ಎಚ್ಚತ್ತ ಗಳಿಗೆಯಲ್ಲಿಯೇ ಅಭಿಮಾನವು ಅದನ್ನು ಮೆಟ್ಟಿ ನಿಲ್ಲುವುದರಿಂದ ನಮಗೆ ಅವನಲ್ಲಿ ಮರುಕ ಹುಟ್ಟುವುದು.

ಕೋಲಾರ ಜಿಲ್ಲೆಯ ಚಿನ್ನದ ಗಣಿಯ ಹೆಸರನ್ನು ಹೊತ್ತು, ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ 2018ರಲ್ಲಿಯೂ 2022ರಲ್ಲಿಯೂ ಹೊರಬಂದ ಎರಡು ಚಲಚ್ಚಿತ್ರಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಐಶ್ವರ್ಯವಂತನಾಗಿಯೇ ಸಾಯುವೆನೆಂದು ಬಡತನದಲ್ಲಿ ಸಾಯುತ್ತಿರುವ ತಾಯಿಗೆ ಬಾಲಕನು ಮಾತು ಕೊಡುವನು. ಬೆಳೆದು ಪಾತಕಲೋಕದಲ್ಲಿ ಹೆಸರಾಗಿ, ಮೊದಲನೆಯ ಭಾಗದಲ್ಲಿ ಕೂಲಿಯಾಳಿನ ವೇಷದಿಂದ ನರಾಚಿಯೆಂಬ ಕಲ್ಪಿತ ಗಣಿಯನ್ನು ಹೊಕ್ಕು, ಕ್ರೂರನಾದ ಗರುಡನನ್ನು ಕೊಲ್ಲುವನು. ಎರಡನೆಯದರಲ್ಲಿ ತಾನೇ ಒಡೆಯನಾಗುವನು. ಜನರ ಬವಣೆ ತಗ್ಗಿದರೂ ಅಗೆತವು ನಿಲ್ಲುವುದಿಲ್ಲ; ಚಿನ್ನದ ದಾಹವು ಬೆಳೆಯುತ್ತಲೇ ಹೋಗುವುದು. ಬಿಡಿಸಿದವನೇ ಆಳುವವನಾದನೆಂಬಲ್ಲಿ ಅಧಃಪತನದ ಬೀಜವಿದೆ.

ಆದರೆ ಅದನ್ನು ಕಾಣುವ ಕಣ್ಣು ಚಿತ್ರದೊಳಗಿಲ್ಲ. ಕಥೆಯನ್ನು ಹೇಳುವ ಲೇಖಕನು ನಾಯಕನ ಅಭಿಮಾನಿ. ಗಣಿಯ ಜನರು ಅವನ ಭಕ್ತರು. ಸರಕಾರವು ಅವನನ್ನು ಅಪರಾಧಿಯೆಂದು ಎಣಿಸುವುದಾದರೂ ಅದು ಹೊರಗಿನ ತೀರ್ಪು. ತಾಯಿಗಿತ್ತ ಮಾತಿನ ಮರೆಯಲ್ಲಿ ನಿಂತ ನಾಯಕನು ತನ್ನನ್ನು ತಾನು ಪ್ರಶ್ನಿಸಿಕೊಳ್ಳನು. ಚಿನ್ನದೊಡನೆ ಕಡಲಲ್ಲಿ ಮುಳುಗುವ ಅವನ ಅಂತ್ಯವೂ ವ್ರತದ ಪೂರ್ಣಾಹುತಿಯಂತೆ ತೋರುವುದಲ್ಲದೆ ಕರ್ಮಫಲದಂತೆ ತೋರುವುದಿಲ್ಲ. ಅಮೆರಿಕದ 'ಬ್ರೇಕಿಂಗ್ ಬ್ಯಾಡ್' (2008–2013) ಎಂಬ ದೂರದರ್ಶನ ಧಾರಾವಾಹಿಯಲ್ಲಿ, ಮಾದಕವಸ್ತುವನ್ನು ತಯಾರಿಸಲು ಹೊರಟ ರಸಾಯನಶಾಸ್ತ್ರದ ಅಧ್ಯಾಪಕನು ಎಲ್ಲವೂ ಸಂಸಾರಕ್ಕಾಗಿ ಎಂದು ಹೇಳುತ್ತ ಬಂದು, 62ನೆಯದಾದ ಕೊನೆಯ ಕಂತಿನಲ್ಲಿ, ತನಗಾಗಿಯೇ ಮಾಡಿದೆನೆಂದು ಹೆಂಡತಿಯೆದುರು ಒಪ್ಪಿಕೊಳ್ಳುವನು. ಆ ಒಪ್ಪಿಗೆಗೆ ಸಮನಾದ ಮಾತು ನಮ್ಮ ಚಿತ್ರದಲ್ಲಿಲ್ಲ.

ಇದನ್ನು ವೀರಗಾಥೆಯೆಂದು ಎಣಿಸಬೇಕೇ ಹೊರತು ರುದ್ರನಾಟಕವೆಂದಲ್ಲ ಎಂದು ಕೆಲವರು ವಾದಿಸಬಹುದು. ಹಾಗೆಣಿಸಿದರೂ ಕೃತಿಯ ಹೊಣೆ ತಪ್ಪದು. 1880ರಿಂದ 2001ರವರೆಗೆ ತಲೆತಲಾಂತರವಾಗಿ, ಕೊನೆಕೊನೆಗೆ 3,000 ಮೀಟರಿಗೂ ಮಿಕ್ಕ ಆಳದಲ್ಲಿ, ಜನರು ದುಡಿದ ನೆಲದ ಹೆಸರನ್ನು ಅದು ಎರವಲು ಪಡೆದಿದೆ. ಇನ್ನೂ ಏಕೆ ಅಗೆಯಬೇಕೆಂದು ನರಾಚಿಯ ಕೂಲಿಯವನೊಬ್ಬನು ಹೊಸ ಒಡೆಯನನ್ನು ಕೇಳಿದ್ದರೆ, ಆ ಪ್ರಶ್ನೆಯೊಂದರಿಂದಲೇ ಈ ವೀರಗಾಥೆಯು ರುದ್ರನಾಟಕದ ಕಡೆಗೆ ತಿರುಗುತ್ತಿದ್ದಿತು.